ತೊಟ್ಟು ಬಿಡಿಸುವವಳ ಚಿತ್ರ

ನನ್ನ ಅತ್ತೆಯವರು ನನಗೆ ಆಡಿದ ಮಾತುಗಳಲ್ಲಿ ಒಂದನ್ನೂ ನಾನು ಮರೆತಿಲ್ಲ. ಮರೆತುಬಿಡು ಎಂದು ಬುದ್ಧಿ ಹೇಳಿದವರು ಅನೇಕರಿದ್ದಾರೆ. ಅವರಾರೂ ಆ ಮಾತುಗಳನ್ನು ಕೇಳಿಸಿಕೊಂಡವರಲ್ಲ. ನನ್ನ ಮೈಯನ್ನು ಹೆಚ್ಚು ಉರಿಸಿದ್ದು ಬೈಗುಳವೂ ಅಲ್ಲ, ತೀರ ಸಾಧಾರಣವಾದ ಒಂದು ಹಾಸ್ಯ. ವರ್ಷದ ಖಾರಕ್ಕೆಂದು ಬೇಸಿಗೆಯ ಮೊದಲಲ್ಲಿ ಮೆಣಸಿನಕಾಯಿ ತರಿಸಿ, ಹಾವೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಸುರಿಯುತ್ತಿದ್ದರು. ಓಣಿಯ ಹೆಂಗಸರೂ ಬಂದು ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಆಗ ಅತ್ತೆಯವರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು:

"ನಮ್ಮ ಸೊಸಿ ಕೈ ನೋಡ್ರಿ. ಒಂದ ಕಾಯಿ ಬಿಡಸೂದರಾಗ ಆ ಕಾಯಿಗೂ ನಿದ್ದಿ ಬರತೈತಿ."

ಹೆಂಗಸರೆಲ್ಲ ನಗುತ್ತಿದ್ದರು. ನಾನೂ ತಲೆ ತಗ್ಗಿಸಿ ನಗಬೇಕಾಗುತ್ತಿತ್ತು.

ನಾನು ಬ್ಯಾಡಗಿಯವಳು. ತಂದೆ ತೀರಿಕೊಂಡ ಮೇಲೆ ಅವ್ವ ದಲಾಲಿ ಅಂಗಡಿಯೊಂದರ ಅಂಗಳದಲ್ಲಿ ಕೂಲಿಗೆ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಶಾಲೆ ಬಿಟ್ಟ ವರ್ಷದಿಂದ ಮದುವೆಯ ತಿಂಗಳವರೆಗೆ ನಾನೂ ಅವಳ ಪಕ್ಕದಲ್ಲಿ ಕುಳಿತೆ. ಎಡಗೈಯ ಹಿಡಿಯಲ್ಲಿ ನಾಲ್ಕೈದು ಕಾಯಿಗಳ ತಲೆ ಸಮನಾಗಿ ಮೇಲೆ ಬರುವಂತೆ ಹಿಡಿಯಬೇಕು. ಬಟ್ಟೆ ಸುತ್ತಿದ ಬಲಗೈ ಹೆಬ್ಬೆರಳಿನಿಂದ ತೊಟ್ಟನ್ನು ಮುರಿಯಬೇಕು, ಎಳೆಯಬಾರದು. ಎಳೆದರೆ ಕಾಯಿಯ ತಲೆ ಹರಿದು ಬೀಜ ಚೆಲ್ಲುತ್ತದೆ. ಆ ಅಂಗಳದಲ್ಲಿ ನನ್ನ ಸರಿಸಮ ಕೈ ಓಡಿಸುವವರು ಇರಲಿಲ್ಲ. ಇದನ್ನು ನಾನು ಹೆಮ್ಮೆಗೆ ಹೇಳುತ್ತಿಲ್ಲ, ದಾಖಲೆಗೆ ಹೇಳುತ್ತಿದ್ದೇನೆ.

ನನ್ನ ಸಂಬಂಧ ಕುದುರಿಸಿದವರು ಸೋದರಮಾವ. ಹಾವೇರಿಯವರು ವಕೀಲರ ಮನೆತನದವರು, ಕೂಲಿ ಮಾಡಿದ ಮನೆಯ ಹುಡುಗಿ ಬೇಡವೆಂದು ಮೊದಲೇ ಹೇಳಿದ್ದರು. ಮಾವ ಅವರ ಮುಂದೆ ಕುಳಿತು, "ಹುಡುಗಿ ಹೊಸ್ತಲಾ ದಾಟಿದಾಕಿ ಅಲ್ಲರೀ" ಎಂದು ನಿರಾಳವಾಗಿ ನುಡಿದರು. ಮದುವೆಯ ಹಿಂದಿನ ದಿನ ನನ್ನನ್ನು ಒಂದು ಕಡೆ ಕರೆದು ಹೇಳಿದರು: "ಅಲ್ಲಿ ಕೈ ಚುರುಕ ತೋರಸಬ್ಯಾಡ. ಗೊತ್ತಾತಂದ್ರ ಹೊಳ್ಳಿ ಕಳಸ್ತಾರ. ಹೊಳ್ಳಿ ಬಂದ್ರ ನನ್ನ ಮನ್ಯಾಗ ಜಾಗ ಇಲ್ಲ, ಮೊದಲ ಹೇಳೇನಿ." ಅವ್ವ ಆಗಲೇ ಹಾಸಿಗೆ ಹಿಡಿದಿದ್ದಳು, ಮದುವೆಯಾದ ಮರುವರ್ಷ ಹೋದಳು. ಹಿಂತಿರುಗುವುದಕ್ಕೆ ನನಗೆ ಯಾವ ಬಾಗಿಲೂ ಉಳಿಯಲಿಲ್ಲ.

ಆದ್ದರಿಂದ ನಾನು ನಿಧಾನವನ್ನು ಕಲಿತೆ. ಓಡುವ ಎತ್ತಿಗೆ ಕುಂಟುವುದನ್ನು ಕಲಿಸಿದ ಹಾಗೆ. ಒಂದೊಂದೇ ಕಾಯಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ತೊಟ್ಟನ್ನು ಎಳೆದು, ಬೇಕೆಂದೇ ತಲೆ ಹರಿದು, ಅತ್ತೆಯವರ ಹಾಸ್ಯಕ್ಕೆ ಕಾಯುತ್ತಿದ್ದೆ. ಬೆರಳುಗಳನ್ನು ತಡೆದು ಹಿಡಿಯುವ ಶ್ರಮಕ್ಕೆ ಸಂಜೆಯ ಹೊತ್ತಿಗೆ ಮೊಣಕೈವರೆಗೆ ನೋಯುತ್ತಿತ್ತು. ಹೀಗೆ ಹತ್ತು ಬೇಸಿಗೆಗಳು ಕಳೆದವು.

ಪ್ರದರ್ಶನದ ಸುದ್ದಿಯನ್ನು ಮನೆಗೆ ತಂದವಳು ನನ್ನ ನಾದಿನಿ. ಅವಳನ್ನು ರಾಣೆಬೆನ್ನೂರಿಗೆ ಕೊಟ್ಟಿತ್ತು. ಎಂಬತ್ತರ ದಶಕದ ಕೊನೆಯ ಭಾಗವಿರಬೇಕು; ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಒಬ್ಬ ಸಿನಿಮಾ ನಿರ್ದೇಶಕರು ಬರೆದ ಚಿತ್ರಗಳನ್ನು ಯಾವುದೋ ದೊಡ್ಡ ಊರಿನ ವಸ್ತುಸಂಗ್ರಹಾಲಯದವರು ಲಾರಿಯಲ್ಲಿ ಹೇರಿಕೊಂಡು ಊರೂರಿಗೆ ತಂದು ತೋರಿಸುತ್ತಿದ್ದರು. ಆ ನಿರ್ದೇಶಕರು ಸಿನಿಮಾ ತೆಗೆಯುವ ಮೊದಲು ಪ್ರತಿ ದೃಶ್ಯವನ್ನೂ ಕಾಗದದ ಮೇಲೆ ತಾವೇ ಬರೆದುಕೊಳ್ಳುತ್ತಿದ್ದರಂತೆ. ರಾಣೆಬೆನ್ನೂರಿನಲ್ಲಿ ನೋಡಿ ಬಂದ ನಾದಿನಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು:

"ವೈನಿ, ಅಲ್ಲೊಂದು ಚಿತ್ರದಾಗ ಥೇಟ್ ನಿನ್ನಂಗ ಒಬ್ಬಾಕಿ ಅದಾಳ. ಮೂಗ, ಬಾಯಿ ಸೆರಗಿಲೇ ಕಟ್ಟಿಕೊಂಡಾಳ. ಆದ್ರ ಆ ಹುಬ್ಬ ನೋಡಿದ್ರ ನಿಂದ. ನಡಬರಕ ಕೂದಲ ಇಲ್ಲದ್ದೂ ಹಂಗ ಐತಿ."

ಚಿಕ್ಕಂದಿನಲ್ಲಿ ಬಿದ್ದು ಗಾಯವಾಗಿ ನನ್ನ ಎಡಹುಬ್ಬಿನ ನಡುವೆ ಒಂದು ಬಿರುಕು ಉಳಿದಿದೆ. ಚಪಾತಿ ಲಟ್ಟಿಸುತ್ತಿದ್ದ ಲಟ್ಟಣಿಗೆ ಕೈಯಲ್ಲೇ ನಿಂತಿತು.

ಆ ನಿರ್ದೇಶಕರು ನನಗೆ ನೆನಪಿದ್ದರು. ಮೆಣಸಿನಕಾಯಿ ಪೇಟೆಯ ಮೇಲೆ ಒಂದು ಸಿನಿಮಾ ತೆಗೆಯಬೇಕೆಂದು ಬಂದು, ಕೊನೆಗೆ ತೆಗೆಯದೆ ಹೋದವರು. ನಮ್ಮ ಅಂಗಳದಲ್ಲಿ ಚೀಲದ ಮೇಲೆ ಕುಳಿತು, ಕಣ್ಣೊರೆಸಿಕೊಳ್ಳುತ್ತ, ಸೀನುತ್ತ, ನನ್ನನ್ನು ಬರೆದರು. ಹೆಸರು ಕೇಳಿದರು. ಹೇಳಿದೆ. ಕಾಗದದ ಕೆಳಮೂಲೆಯಲ್ಲಿ ಅದನ್ನು ಬರೆದುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದೆ. "ಪೂರ್ತಿ ಆದ ಮೇಲೆ ತೋರಿಸ್ತೀನಮ್ಮಾ" ಎಂದರು. ತೋರಿಸಲಿಲ್ಲ. ನಾನು ಮರೆಯದವುಗಳಲ್ಲಿ ಅದೂ ಒಂದು. ಆದರೆ ಈಗ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಆ ಮುನಿಸಲ್ಲ. ಆ ಚಿತ್ರದ ಮೂಲೆಯಲ್ಲಿ ನನ್ನ ಹೆಸರಿತ್ತು. ನಾದಿನಿ ಗಮನಿಸದೆ ಬಂದಿದ್ದಳು; ಅತ್ತೆಯವರು ಗಮನಿಸದೆ ಬಿಡುವವರಲ್ಲ.

ಪ್ರದರ್ಶನ ಹಾವೇರಿಗೆ ಬರುವುದೇ ಇಲ್ಲ, ರಾಣೆಬೆನ್ನೂರಿನಿಂದ ನೇರ ಬ್ಯಾಡಗಿಗೆ ಹೋಗುತ್ತದೆ ಎಂದು ತಿಳಿದಾಗ ನಾನು ಉಸಿರು ಬಿಟ್ಟೆ. ಅತ್ತೆಯವರಿಗೆ ಅದೇ ಅವಮಾನವಾಯಿತು.

"ಹಾವೇರಿಯವ್ರಿಗೆ ಕಣ್ಣಿಲ್ಲಂತ ತಿಳಕೊಂಡಾರೇನು? ಬ್ಯಾಡಗಿ ಏನ ದೂರಲ್ಲ. ಹೋಗಿ ನೋಡೂಣು. ಇಕಿ ತೌರಮನಿ ಊರೂ ನೋಡಿದಂಗಾತು."

ತಲೆನೋವೆಂದೆ. "ರೈಲಿನ ಗಾಳಿಗೆ ಹೋಗತೈತಿ" ಎಂದರು. ಮಕ್ಕಳ ಶಾಲೆಯೆಂದೆ. "ಅವರಪ್ಪ ಮನ್ಯಾಗ ಅದಾನಲ್ಲ" ಎಂದರು. ಮೂರನೆಯ ನೆಪ ಹುಡುಕಿದ್ದರೆ ನಾನೇ ಅನುಮಾನಕ್ಕೆ ಗುರಿಯಾಗುತ್ತಿದ್ದೆ. ಹೊರಟೆ.

ರೈಲಿನಲ್ಲಿ ಕಿಟಕಿಯ ಪಕ್ಕ ನಾದಿನಿ, ದಾರಿಯ ಪಕ್ಕ ಅತ್ತೆಯವರು, ನಡುವೆ ನಾನು. ಬ್ಯಾಡಗಿ ಹತ್ತಿರವಾದಂತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಅತ್ತೆಯವರು ಮೆಚ್ಚಿ, "ತೌರೂರ ಅಂದಕೂಡ್ಲೆ ಮರ್ಯಾದಿ ನೆನಪಾತು ನೋಡ" ಎಂದರು.

ಪೇಟೆಯ ದಿನಗಳು ಅವು. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೆ ಬೀದಿ ಬೀದಿಗೆ ರಾಶಿ ಸುರಿದು, ಹಮಾಲರು ಚೀಲ ತುಂಬಿ ಕುಣಿಸುವಾಗ ಏಳುವ ಧೂಳಿಗೆ ಆ ಭೇದ ಇರುವುದಿಲ್ಲ. ನಿಲ್ದಾಣದಿಂದ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅತ್ತೆಯವರು ಸೀನತೊಡಗಿದರು. ನಾದಿನಿಯ ಕಣ್ಣು, ಮೂಗುಗಳಲ್ಲಿ ನೀರು ಇಳಿಯಿತು. ನಾನು ಅವರಿಬ್ಬರ ನಡುವೆ, ಮನೆಯ ಹಿತ್ತಲಲ್ಲಿ ನಡೆಯುವಂತೆ ನಡೆಯುತ್ತಿದ್ದೆ. ಬಹು ವರ್ಷಗಳ ಮೇಲೆ ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದೆ ಎಂಬುದು ನನಗೇ ಗೊತ್ತಾಗಿರಲಿಲ್ಲ.

"ವೈನಿ, ನಿನಗ ಘಾಟ ಹತ್ತವಲ್ದೇನು?" ಎಂದಳು ನಾದಿನಿ.

ತಕ್ಷಣ ಸೀನಿದೆ. ಬರದ ಸೀನನ್ನು ತರಿಸಿಕೊಂಡು ಸೀನುವುದು ಎಷ್ಟು ಕಷ್ಟ, ಎಷ್ಟು ಹೀನ ಎಂಬುದನ್ನು ಅಂದು ಕಂಡೆ. ಎರಡನೆಯ ಸಲ ಸೀನಿದಾಗ ಅತ್ತೆಯವರು ತಮ್ಮ ಕಣ್ಣೊರೆಸಿಕೊಳ್ಳುತ್ತಲೇ, "ಲಗೂ ಲಗೂ ನಡೀರಿ, ಈ ಊರಾಗ ಮನಶ್ಯಾರು ಹೆಂಗ ಬಾಳೇವ ಮಾಡತಾರೋ" ಎಂದರು. ಆ ಊರಿನಲ್ಲಿ ಬಾಳಿದ ಮನುಷ್ಯಳು ಅವರ ಚೀಲ ಹಿಡಿದುಕೊಂಡು ಹಿಂದೆ ನಡೆದಳು.

ಪ್ರದರ್ಶನವಿದ್ದುದು ವರ್ತಕರ ಒಂದು ಸಭಾಭವನದಲ್ಲಿ. ಚಿತ್ರಗಳಿಗೆ ಧೂಳು ತಾಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒಳಗೆ ಹೋಗುವ ಬಾಗಿಲು ಒಂದು, ಹೊರಬೀಳುವುದು ಆಚೆಯ ಕೊನೆಯಲ್ಲಿ. ನಡುವೆ ಹಗ್ಗ ಕಟ್ಟಿ, ಗೋಡೆಗುಂಟ ಒಬ್ಬರ ಹಿಂದೆ ಒಬ್ಬರು ಸಾಗುವಷ್ಟೇ ದಾರಿ ಬಿಟ್ಟಿದ್ದರು. ಒಮ್ಮೆ ಒಳಹೊಕ್ಕರೆ ಹಿಂದಕ್ಕೆ ಬರುವಂತಿರಲಿಲ್ಲ. ನನ್ನ ಮುಂದೆ ನಾದಿನಿ, ಬೆನ್ನಿಗೆ ಅತ್ತೆಯವರು. ಸಂಗ್ರಹಾಲಯದ ಕಡೆಯ ತರುಣನೊಬ್ಬ ತೆಂಕಣ ಸೀಮೆಯ ಮಾತಿನಲ್ಲಿ, "ಯಾರೂ ಮುಟ್ಟಬೇಡಿ, ನಿಲ್ಲಬೇಡಿ, ಹಾಗೇ ಮುಂದೆ ಹೋಗ್ತಾ ಇರಿ" ಎನ್ನುತ್ತಿದ್ದ. ಪ್ರತಿ ಮಾತಿನ ಕೊನೆಗೆ ಒಂದು ಸೀನು.

ಚಿತ್ರಗಳು ಚೆನ್ನಾಗಿದ್ದವು. ಅನ್ಯಾಯವಾಗಿ ಏನನ್ನೂ ಹೇಳಲಾರೆ. ಒಂದೊಂದು ಹಾಳೆಯಲ್ಲಿ ಸಾಲಾಗಿ ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ನೋಟ. ಕ್ಯಾಮೆರಾ ಯಾವ ಕಡೆಯಿಂದ ಸರಿಯಬೇಕೆಂಬುದಕ್ಕೆ ಬಾಣದ ಗುರುತು. ಎಲ್ಲವೂ ಕಪ್ಪು ಮಸಿ. ಮೆಣಸಿನಕಾಯಿ ಬಂದಲ್ಲಿ ಮಾತ್ರ ಕೆಂಪು. ನಾನು ಚಿತ್ರಕ್ಕಿಂತ ಮೊದಲು ಪ್ರತಿ ಹಾಳೆಯ ಕೆಳಮೂಲೆಯನ್ನು ನೋಡುತ್ತಿದ್ದೆ. ಸಾಲು ಸರಿಯುತ್ತಿತ್ತು, ಬೆನ್ನ ಹಿಂದೆ ಅತ್ತೆಯವರ ಉಸಿರು ಸರಿಯುತ್ತಿತ್ತು.

"ಇಕಿ ನೋಡ" ಎಂದಳು ನಾದಿನಿ.

ಅದು ಚೌಕಗಳ ಹಾಳೆಯಾಗಿರಲಿಲ್ಲ, ಇಡೀ ಹಾಳೆಗೆ ಒಬ್ಬಳೇ. ಬೇರೆ ಯಾರಿಗಾದರೂ ಗುರುತು ಹುಬ್ಬಿನಲ್ಲಿತ್ತು. ನನಗೆ ರವಿಕೆಯ ತೋಳಿನಲ್ಲಿತ್ತು. ಅವ್ವ ಚೌಕಳಿ ಬಟ್ಟೆಯ ತೇಪೆ ಹಚ್ಚಿದ್ದಳು. ಅದನ್ನೂ ಬಿಡದೆ ಬರೆದಿದ್ದರು. ಮೂಗುಬಾಯಿಗೆ ಸೆರಗು. ಎಡಗೈ ಹಿಡಿಯಲ್ಲಿ ಕಾಯಿಗಳ ತಲೆಗಳು ಸಮನಾಗಿ ನಿಂತಿದ್ದವು, ಬಲಗೈ ಹೆಬ್ಬೆರಳು ತೊಟ್ಟಿನ ಬುಡದಲ್ಲಿತ್ತು. ನಾನು ಕೆಳಮೂಲೆ ನೋಡಿದೆ. ಹೆಸರು ಇರಲಿಲ್ಲ. ಚೌಕಟ್ಟಿನ ಒಳಗೆ ಸುತ್ತಲೂ ಕೂಡಿಸಿದ್ದ ಬಿಳಿಯ ರಟ್ಟು ಮೂಲೆಯನ್ನು ಮುಚ್ಚಿತ್ತು. ಕೊನೆಯ ಅಕ್ಷರದ ಕೊಂಬು ಮಾತ್ರ ಹೊರಗೆ ಇಣುಕುತ್ತಿತ್ತು. ಕೆಳಗೆ ಅಂಟಿಸಿದ ಚೀಟಿಯಲ್ಲಿ "ಕೂಲಿ ಹೆಣ್ಣು, ಬ್ಯಾಡಗಿ" ಎಂದಿತ್ತು.

"ಯಾರರಿ ಇಕಿ?" ಎಂದು ನಾದಿನಿ ಆ ತರುಣನನ್ನು ಕೇಳಿದಳು.

"ಯಾರೋ ಕೂಲಿಯವರು ಮೇಡಂ. ಹೆಸರು ಗೊತ್ತಿಲ್ಲ. ಮುಂದೆ ಹೋಗಿ."

ಬದುಕಿದೆ ಎಂದುಕೊಂಡೆ. ಅದೇ ಕ್ಷಣದಲ್ಲಿ ಆ ರಟ್ಟನ್ನು ಕಿತ್ತು ತೋರಿಸಬೇಕೆನಿಸಿತು. ಹೇಳಿದ ಹೆಸರನ್ನು ಕೇಳಿ ಬರೆದುಕೊಂಡವರು ಒಬ್ಬರು, ರಟ್ಟು ಹಾಕಿ ಮುಚ್ಚಿದವರು ಇನ್ನೊಬ್ಬರು, ಗೊತ್ತಿಲ್ಲ ಎನ್ನುವವನು ಮತ್ತೊಬ್ಬ; ನಾನು ಎದುರಿಗೇ ನಿಂತಿದ್ದೆ.

ಅತ್ತೆಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಚಿತ್ರಕ್ಕೆ ಮುಖ ತಗಲಿಸುವಷ್ಟು ಬಾಗಿದರು. ನೋಡಿದ್ದು ಕೈಗಳನ್ನು.

"ಕೈ ಅಂದ್ರ ಇದು. ನೋಡಿದೇನ, ಒಂದ ಕಾಯಿ ತಲಿ ಹರದಿಲ್ಲ. ಇಂಥಾಕಿ ಸೊಸಿ ಆಗಿ ಬಂದಿದ್ರ ನನ್ನ ಖಾರ ಒಂದ ಹೊತ್ತಿನ್ಯಾಗ ಮುಗೀತಿತ್ತು. ನೀನು ಇಕಿ ಕಾಲ ತೊಳದ ನೀರ ಕುಡೀಬೇಕು."

ಹತ್ತು ಬೇಸಿಗೆಗಳ ಹಾಸ್ಯವನ್ನು ನಾನು ನುಂಗಿದ್ದೆ. ಇದನ್ನು ನುಂಗಲಾಗಲಿಲ್ಲ. ಸೋದರಮಾವನ ಎಚ್ಚರಿಕೆ, ಹಾವೇರಿಯ ಮನೆ, ಮಕ್ಕಳು, ಎಲ್ಲವೂ ಕಣ್ಣ ಮುಂದೆ ಇದ್ದೇ ಇದ್ದವು. ಆದರೂ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಅತ್ತಿಯವರ, ಅಕಿ ನಾನ ಅದೀನ್ರಿ."

ಅತ್ತೆಯವರು ನನ್ನನ್ನು ನೋಡಲಿಲ್ಲ. ನನ್ನ ಕೈಗಳನ್ನು ನೋಡಿದರು. ಆಮೇಲೆ ನಕ್ಕರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, ಸೀನುಗಳ ನಡುವೆ ನಕ್ಕರು.

"ನೀನ? ಕಾಯಿಗೆ ನಿದ್ದಿ ಬರಸಾಕಿ ನೀನ? ಚಿತ್ರದಾಕಿಗೂ ನಗಿ ಬಂದೀತು, ನಡೀ ಮುಂದ."

ನಾದಿನಿಯೂ ನಕ್ಕಳು. ಹಿಂದಿನ ಅಪರಿಚಿತ ಹೆಂಗಸು ನಕ್ಕಳು. ತರುಣ ಮತ್ತೆ, "ನಿಲ್ಲಬೇಡಿ, ಮುಂದೆ ಹೋಗಿ" ಎಂದ. ಸಾಲು ನನ್ನನ್ನು ತಳ್ಳಿಕೊಂಡು ಹೋಯಿತು. ನನ್ನ ಸುಳ್ಳನ್ನು ನಾನು ಎಷ್ಟು ಅಚ್ಚುಕಟ್ಟಾಗಿ ನಡೆಸಿದ್ದೆನೆಂದರೆ, ನಿಜ ಹೇಳಿದರೂ ಅದು ನನ್ನನ್ನು ಹೊರಗೆ ಬಿಡಲಿಲ್ಲ.

ಮುಂದಿನ ತಿಂಗಳು ವರ್ಷದ ಮೆಣಸಿನಕಾಯಿ ಬಂತು. ಕಟ್ಟೆಯ ಮೇಲೆ ಸುರಿದರು. ಓಣಿಯ ಹೆಂಗಸರು ಬಂದರು. ಅತ್ತೆಯವರು ಬ್ಯಾಡಗಿಯ ಕಥೆಯನ್ನು ಹೇಳಲು ಮೊದಲು ಮಾಡಿದರು: "ಇಕಿ ಏನಂದ್ಲು ಗೊತ್ತೇನ್ರಿ, ಅಕಿ ನಾನ ಅಂದ್ಲು..."

ಹಳೆಯ ಬಟ್ಟೆಯ ಚೂರೊಂದನ್ನು ಹೆಬ್ಬೆರಳಿಗೆ ಸುತ್ತಿಕೊಂಡೆ. ಮೊದಲ ಹಿಡಿ ಎತ್ತಿದೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ನಾನು ಕೆಳಗೆ ನೋಡಬೇಕಾಗಿಯೂ ಇರಲಿಲ್ಲ, ಬೀದಿಯನ್ನು ನೋಡುತ್ತಿದ್ದೆ. ಒಂದು ಕಡೆ ತೊಟ್ಟುಗಳು, ಇನ್ನೊಂದು ಕಡೆ ತಲೆ ಹರಿಯದ ಕಾಯಿಗಳು ಏರತೊಡಗಿದವು. ಕಥೆ ಅರ್ಧಕ್ಕೆ ನಿಂತಿತು.

"ಏನವಾ ಇದು," ಎಂದಳು ಎದುರುಮನೆಯಾಕೆ, "ನಿನ್ನ ಸೊಸಿ ಕೈಯಾಗ ದೆವ್ವ ಹೊಕ್ಕೈತೇನು?"

ಅತ್ತೆಯವರು ನನ್ನ ಕೈಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ನಾನು ಆ ಮನೆಗೆ ಬಂದಂದಿನಿಂದ ಮೊದಲ ಸಲವೆಂಬಂತೆ, ಕಣ್ಣೆತ್ತಿ ನನ್ನ ಮುಖವನ್ನು, ಎಡಹುಬ್ಬನ್ನು ನೋಡಿದರು. ನಾನು ಕೈ ನಿಲ್ಲಿಸಲಿಲ್ಲ. ಹಿಂದಕ್ಕೆ ಕಳಿಸುವುದಾದರೆ ಕೆಲಸ ಮುಗಿಸಿಯೇ ಹೋಗುತ್ತೇನೆ ಎಂದುಕೊಂಡೆ.

"ಬಿಸಲ ಭಾಳ ಆತು" ಎಂದರು ಅವರು. ಬಿಸಿಲು ಇನ್ನೂ ಕಟ್ಟೆಗೆ ಬಂದಿರಲಿಲ್ಲ. "ಉಳದದ್ದ ನಾಳೆ ನೋಡೂಣು. ನೀವ್ ನಡೀರಿ."

ಹೆಂಗಸರು ಹೋದರು. ಅತ್ತೆಯವರು ಕಾಯಿಗಳನ್ನು ಹಿಂದಿನ ಕೋಣೆಗೆ ಸಾಗಿಸಿ, ನನ್ನನ್ನು ಒಳಗೆ ಕಳಿಸಿ, ಕಿಟಕಿ ಮುಚ್ಚಿದರು. ಬಾಗಿಲನ್ನು ಸ್ವತಃ ಎಳೆದುಕೊಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಿಂದಕ್ಕೆ ಕಳಿಸಲೂ ಇಲ್ಲ. ಅಂದಿನಿಂದ ಅವರು ಇರುವವರೆಗೆ ಪ್ರತಿ ಬೇಸಿಗೆಯೂ ನಾನೊಬ್ಬಳೇ, ಆ ಮುಚ್ಚಿದ ಕೋಣೆಯಲ್ಲಿ, ಮನೆಯ ಇಡೀ ವರ್ಷದ ಕಾಯಿ ಬಿಡಿಸಿದೆ. ಎರಡನೆಯ ವರ್ಷದಿಂದ ರಾಣೆಬೆನ್ನೂರಿನ ನಾದಿನಿಯ ಮನೆಯ ಚೀಲವೂ ಬರತೊಡಗಿತು. ಚಿತ್ರದವಳಿಗೆ ಹೇಳಿದ ಒಳ್ಳೆಯ ಮಾತನ್ನು ಅವರು ನನಗೆ ಎಂದೂ ಹೇಳಲಿಲ್ಲ. ಆ ಬಾಕಿಯನ್ನು ನಾನು ಬಿಟ್ಟುಕೊಟ್ಟಿಲ್ಲ.

ಆ ಮೊದಲ ದಿನ ಸಂಜೆ ಎದುರುಮನೆಯಾಕೆ ಕಟ್ಟೆಗೆ ಬಂದು ಕೇಳಿದ್ದು ನನಗೆ ಒಳಗೆ ಕೇಳಿಸಿತು.

"ಯಾಕವಾ, ಎಲ್ಲಾ ಒಳಗ ಒಯ್ದಿರಿ? ನಾಳೆ ಬರಲೇನು?"

"ಬ್ಯಾಡವಾ," ಎಂದರು ಅತ್ತೆಯವರು. "ಈ ಸಲ ಕೂಲಿಯವರ ಕಡಿಂದ ಬಿಡಸಾಕತ್ತೇವಿ."

ಬಾಗಿಲ ಸಂದಿಯಿಂದ ಹೋದ ಘಾಟಿಗೆ ಅವರು ಸೀನಿದರು, ಎದುರುಮನೆಯಾಕೆಯೂ ಸೀನಿದಳು. ನಾನು ಇನ್ನೊಂದು ಹಿಡಿ ಎತ್ತಿಕೊಂಡೆ.