ಗಡ್ಡ ಬಿಟ್ಟ ಪ್ರಸಾದ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಸಲೂನಿನಲ್ಲಿ ಕೆಲಸಕ್ಕಿದ್ದ ಮಹದೇವಪ್ರಸಾದ್ ಎಂಥ ಒರಟು ಗಡ್ಡವನ್ನೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ತೆಗೆಯುತ್ತಿದ್ದ. ಅವನ ಗಡ್ಡ ಮಾತ್ರ ಕುತ್ತಿಗೆ ಮುಚ್ಚಿತ್ತು! "ಏನ್ಲಾ ಪ್ರಸಾದ, ನಿಂಗೇ ಕತ್ರಿ ಸಿಕ್ಕಿಲ್ವಾ?" ಎಂದು ಲಾರಿ ಡ್ರೈವರುಗಳು ರೇಗಿಸಿದರೆ ನಕ್ಕುಬಿಡುತ್ತಿದ್ದ. ಹೆಂಡತಿ ನೀಲಾವತಿ ಬಸುರಿ. ಬಸುರಿಯ ಗಂಡ ಹೆರಿಗೆಯಾಗುವ ತನಕ ಕೂದಲು ತೆಗೆಸಬಾರದು ಅನ್ನುವುದು ಆ ಮನೆಯ ನಡಾವಳಿ.

ನೀಲಾವತಿಗೆ ಇದು ಹಿಡಿಸುತ್ತಿರಲಿಲ್ಲ. ಅವಳ ಜೀವವೆಲ್ಲ ಹೊಸ ಅಂಗಡಿಯ ಮೇಲಿತ್ತು. ದೊಡ್ಡ ಸಲೂನ್ ಕಂಪನಿಯ ಫ್ರಾಂಚೈಸಿ, ಹೈವೇ ಪಕ್ಕದಲ್ಲೇ! ಕಂಪನಿಯ ಹೆಸರು ಹಾಕಿಕೊಳ್ಳುವುದಕ್ಕೇ ಎರಡು ಲಕ್ಷ. ಅದರ ಮೇಲೆ ಮಳಿಗೆಯ ಅಡ್ವಾನ್ಸು, ಏಸಿ, ಅವರು ಹೇಳಿದ ಕುರ್ಚಿ, ಅವರು ಹೇಳಿದ ಕನ್ನಡಿ. "ಗೋಡೆ ಬಣ್ಣಾನಾದ್ರೂ ನಮ್ಮಿಷ್ಟ ಇಲ್ವಾ?" ಎಂದು ಗೊಣಗುತ್ತಲೇ ಅವಳು ಬ್ಲೌಸ್ ಹೊಲಿದು ಕಟ್ಟಿದ ಚೀಟಿ ದುಡ್ಡನ್ನೂ ಕತ್ತಿನ ಸರವನ್ನೂ ಅದಕ್ಕೆ ಸುರಿದಿದ್ದಳು. ಕಂಡವರ ಅಂಗಡಿಯಲ್ಲಿ ನಿಂತು ನಿಂತು ಗಂಡನ ಕಾಲು ಊದಿಕೊಳ್ಳುವುದನ್ನು ನೋಡಿ ಅವಳಿಗೆ ಸಾಕಾಗಿತ್ತು.

ಅಂಗಡಿ ತೆರೆಯಲು ವಾರವಿದೆ ಅನ್ನುವಾಗ ಇಬ್ಬರೂ ಚಾಮರಾಜನಗರದ ಕಂಪನಿ ಆಫೀಸಿಗೆ ಹೋದರು. ಅಲ್ಲಿನ ಮ್ಯಾನೇಜರ್ ಸುಧಾಕರ್ ಪ್ರಸಾದನನ್ನು ನೋಡಿ ಹೌಹಾರಿದ.

"ಮಾಲೀಕರ ಫೋಟೊ ಬೋರ್ಡಿಗೆ ಹೋಗುತ್ತೆ ಕಣ್ರೀ. ಮೊದಲು ನೀಟಾಗಿ ಶೇವ್ ಮಾಡಿಸ್ಕೊಳ್ಳಿ."

"ಎರಿಗೆ ಆಗ್ಲಿ ಸಾ, ಆಮೇಲೆ ತಗುಸ್ತಿನಿ."

"ಅಲ್ಲೀವರೆಗೂ ಮುಚ್ಚಿದ ಮಳಿಗೆಗೆ ಬಾಡಿಗೆ ಕಟ್ತೀರಾ? ಹೇಳಿದ ದಿನ ತೆರೆದರೆ ಸಿಗೋ ಫೀಸಿನ ರಿಯಾಯಿತೀನೂ ಕೈತಪ್ಪುತ್ತೆ."

"ಓಗ್ಲಿ ಬುಡಿ ಸಾ."

ಓಗ್ಲಿ ಅಂತೆ! ವಾಪಸ್ ಬರುವ ಬಸ್ಸಿನಲ್ಲಿ ನೀಲಾವತಿ ಸಿಡಿದಳು. "ಮಗ ನನ್ನೊಟ್ಟೇಲದೆ ಕಣ್ರೀ, ನಿಮ್ ಗಡ್ಡದಲ್ಲಲ್ಲ! ಇದ್ದಬದ್ದುದ್ನೆಲ್ಲ ಸುರ್ದಿವ್ನಿ, ಗೊತ್ತಾ?"

ಪ್ರಸಾದ ಕಿಟಕಿ ಕಡೆ ಮುಖ ತಿರುಗಿಸಿದ. ಹೊರಗೆ ನೋಡುತ್ತಲೇ ಮೆಲ್ಲಗೆ ಅಂದ:

"ಎಲ್ಡು ಸಲ ಮಗ ನಿಲ್ನಿಲ್ಲ. ಎಲ್ಡು ಸಲಾನೂ ಆಸ್ಪತ್ರೆ ಬಾಗ್ಲಲ್ಲಿ ಕೈ ಕಟ್ಕಂಡು ನಿಂತಿದ್ದಿ. ನೋವೂ ನಿಂದೆ, ರಕ್ತಾನೂ ನಿಂದೆ. ನಾನೇನ್ ಮಾಡ್ದಿ ಏಳು? ಈ ಸಲ ಇದೊಂದಾದ್ರೂ ಮಾಡ್ತಾ ಇವ್ನಿ ಕಣಮ್ಮಿ. ಇದ್ನೂ ಬುಟ್ಬುಟ್ರೆ ನಂಗೆ ಇನ್ನೇನದೆ ಮಾಡಕೆ?"

ಗಂಡ ತನ್ನ ಹೆತ್ತವ್ವನ ಮಾತಿಗೆ ಹೆದರಿ ಗಡ್ಡ ಬಿಟ್ಟಿದ್ದಾನೆ ಎಂದೇ ನೀಲಾವತಿ ಇಷ್ಟು ದಿನ ತಿಳಿದಿದ್ದಳು. ಪಾಪ, ಈ ಮನುಷ್ಯ ಒಳಗೊಳಗೇ ಎಷ್ಟು ಬೆಂದಿದ್ದಾನೆ!

ಅವಳು ಅಲ್ಲೇ ಸುಧಾಕರನಿಗೆ ಫೋನ್ ಹಚ್ಚಿದಳು.

"ಸಾ, ಅಂಗಡಿ ತಗ್ಯದು ಎರಿಗೆ ಆದ್ಮೇಲೇಯ. ಬಾಡ್ಗೆ ನಾವ್ ಕಟ್ಕತಿವಿ."

"ಸುಮ್ಮನೆ ನಷ್ಟ ಕಣಮ್ಮ."

"ಇದೂ ಅಂಗ್ಡಿ ಕರ್ಚೇ ಅನ್ಕಳಿ ಸಾ."

ಫೋನಿಟ್ಟವಳೇ ಪ್ರಸಾದನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಬಸ್ಸಿನ ಜನ ನೋಡಿದರೆ ನೋಡಲಿ ಎಂದು ಸೆರಗಿನಿಂದ ಅವನ ಗಡ್ಡ ಒರೆಸಿದಳು. ಗಡ್ಡವೆಲ್ಲ ಒದ್ದೆಯಾಗಿತ್ತು.