ಅವ್ವನ ಕಾಲು, ಅಪ್ಪನ ಗೇಟು

ನಮ್ಮೂರಿಗೆ ಕಾಲುವೆ ಬಂದ ಮೇಲೆ ಏನು ಕೆಟ್ಟರೂ ಅದರ ತಲೆಗೆ ಕಟ್ಟುವುದು ರೂಢಿಯಾಗಿತ್ತು. ಸೊಳ್ಳೆ ಹೆಚ್ಚಾದರೆ ಕಾಲುವೆ, ಸೊಸೆ ಎದುರು ಮಾತಾಡಿದರೂ ಕಾಲುವೆ. ಹೀಗಾಗಿ ಅವ್ವನ ಎಡಗಾಲಿನಲ್ಲಿ, ಪಾದದ ಗಂಟಿಗಿಂತ ತುಸು ಮೇಲೆ ಹುಣ್ಣಾದಾಗ ಕಾರಣ ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಅವ್ವನ ತವರು ಬಳಿಚಕ್ರದಿಂದ ನೋಡಲು ಬಂದ ಅವಳ ತಂಗಿ, ನಮ್ಮ ಚಿಗವ್ವ, ಮಳೆ ನಂಬಿ ಜೋಳ ಬೆಳೆಯುವ ಊರಿನವಳು, ಗದ್ದೆಗೆ ಒಂದು ದಿನವೂ ಇಳಿದವಳಲ್ಲ, ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟಳು. “ಕೆನಾಲ್ ನೀರು ಹತ್ತ್ಯಾದ. ನಮ್ಮೂರಾಗ ಯಾರಿಗರೆ ಹಿಂಗ ಆಗ್ಯಾದೇನು?”

ಆಮೇಲೆ ವೈದ್ಯರ ಮೆರವಣಿಗೆ ಶುರುವಾಯಿತು. ಬೇವಿನೆಲೆ, ಅರಿಶಿನ, ಸುಣ್ಣ, ಯಾರದೋ ಎತ್ತಿನ ಹೆಗಲಿಗೆ ಹಚ್ಚಿ ಉಳಿದ ಮುಲಾಮು, ಎಲ್ಲವೂ ಆ ರೂಪಾಯಿಯಗಲದ ಜಾಗದ ಮೇಲೆ ಬಂದು ಹೋದವು. ಮೀನಖಂಡದಲ್ಲಿ ಎರೆಹುಳುವಿನಂತೆ ಸುರುಳಿಸುತ್ತಿ ಉಬ್ಬಿದ ನರಗಳಿಗೆ ಮಂತ್ರಿಸಿದ ಕರಿದಾರ ಬಿಗಿದರು. ಕಾಲು ಬಾತು ದಾರವೇ ಕಾಣದಂತಾಯಿತು. ವರ್ಷವಾಯಿತು, ಹುಣ್ಣು ಮುಚ್ಚಲಿಲ್ಲ. ಇನ್ನು ಕಾಲು ಕತ್ತರಿಸುತ್ತಾರೆ ಎಂಬ ಮಾತು ಓಣಿಯಲ್ಲಿ ನಮಗಿಂತ ಮೊದಲೇ ಎದ್ದು ಓಡಾಡತೊಡಗಿತು. ಅವ್ವ ಅದಕ್ಕೆಲ್ಲ ನಗುತ್ತಿದ್ದಳು. ಆದರೆ ಒಂದು ದಿನ ರೊಟ್ಟಿ ಬಡಿಯುತ್ತಾ, “ಒಂದs ಕಾಲಿದ್ರೂ ರೊಟ್ಟಿ ಬಡೀಬಹುದು, ಅಲ್ಲೇನ?” ಎಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಾನಾಗ ಸುರಪುರ ಕಡೆಯ ಒಂದು ಶಾಲೆಯಲ್ಲಿ ಮಾಸ್ತರಿಣಿ. ಅಲ್ಲೇ ರೂಮು, ಶನಿವಾರ ಮಧ್ಯಾಹ್ನ ಬಸ್ ಹಿಡಿದು ಶಹಾಪುರದ ಮೇಲೆ ಊರಿಗೆ ಬಂದು ಸೋಮವಾರ ಹೊರಡುವುದು. ಒಂದು ವಾರ ರಜೆ ಹಾಕಿ ಅವ್ವನನ್ನೂ ಅಪ್ಪನನ್ನೂ ಯಾದಗಿರಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಪಾದದ ನಾಡಿ ಹಿಡಿದು ನೋಡಿದರು, ಅವ್ವನನ್ನು ನಿಲ್ಲಿಸಿ ನರ ನೋಡಿದರು, ಮಲಗಿಸಿ ಕಾಲೆತ್ತಿ ನೋಡಿದರು. ಎತ್ತಿದ ಕೂಡಲೇ ಉಬ್ಬು ಇಳಿದುಹೋಯಿತು. ಮೇಲಿಂದ ಬಂದ ರಕ್ತ ಪಾದದಿಂದ ವಾಪಸು ಮೇಲೇರಬೇಕು, ನಡೆದಾಗ ಮೀನಖಂಡ ಹಿಂಡಿ ಅದನ್ನು ತಳ್ಳುತ್ತದೆ, ಕೆಳಗೆ ಜಾರದಂತೆ ನರದೊಳಗೆ ಸಣ್ಣ ಸಣ್ಣ ಬಾಗಿಲುಗಳಿವೆ, ಇವರಿಗೆ ಅವು ಸಡಿಲಾಗಿವೆ ಎಂದರು.

ಅಪ್ಪ ವಿತರಣಾ ಕಾಲುವೆಯ ಗೇಟು ಕಾಯುವವನು. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದವನು ಥಟ್ಟನೆ ತಿರುಗಿದ. “ಅಂದ್ರ ಗೇಟ್ ಹಿಡಿಯವಲ್ದು. ನೀರು ಹಿಂದಕ್ಕ ಬಂದು ತಗ್ಗಿನಾಗ ನಿಂತು ದಂಡಿ ಕೊಳಿಯಾಕತ್ತ್ಯಾದ. ಹೌದಿಲ್ರಿ?”

“ಹೌದ್ರಿ, ಹಾಂಗs,” ಎಂದರು ಡಾಕ್ಟರು, ಬಹಳ ದಿನಕ್ಕೆ ಒಬ್ಬ ಒಳ್ಳೆಯ ವಿದ್ಯಾರ್ಥಿ ಸಿಕ್ಕವರಂತೆ.

ಕಾಲುವೆ ನೀರಿನ ತಪ್ಪಲ್ಲ, ತಾಸುಗಟ್ಟಲೆ ನಿಂತೇ ಇರುವುದರ ತಪ್ಪು ಎಂದೂ ಹೇಳಿದರು. ಅವ್ವನ ತಾಯಿಗೂ ಹೀಗೇ ಇತ್ತೇ ಎಂದು ಕೇಳಿದರು. ಇತ್ತು. ಬಳಿಚಕ್ರದಲ್ಲೇ, ಒಣಭೂಮಿಯಲ್ಲೇ ಇತ್ತು. ಚಿಗವ್ವನಿಗೆ ತನ್ನ ತಾಯಿಯ ಕಾಲು ನೆನಪಿರಲಿಲ್ಲ, ಪಾಪ. ಹಾಗಂತ ಕಾಲುವೆ ಪೂರಾ ನಿರಪರಾಧಿಯೂ ಅಲ್ಲ. ಜೋಳದ ಹೊಲವಾಗಿದ್ದದ್ದು ಗದ್ದೆಯಾದ ಮೇಲೆ ಅವ್ವ ಎಷ್ಟು ವರ್ಷ ನಾಟಿಗೆ ಬಗ್ಗಿ ನಿಂತಳೋ ಲೆಕ್ಕ ಇಟ್ಟವರಿಲ್ಲ.

ಚಿಕಿತ್ಸೆ ಕೇಳಿ ನಮಗೆಲ್ಲ ನಿರಾಸೆಯಾಯಿತು. ಸೂಜಿ ಇಲ್ಲ, ಗ್ಲುಕೋಸ್ ಬಾಟಲಿ ಇಲ್ಲ. ಮಂಚದ ಕಾಲಿಡುವ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿ ಮಲಗಿ, ಮಧ್ಯಾಹ್ನವೂ ಒಂದು ತಾಸು ಹಾಗೇ ಮಲಗಿ, ನಡೆಯಿರಿ, ಸುಮ್ಮನೆ ನಿಲ್ಲಬೇಡಿ. ಒಂದೂವರೆ ತಿಂಗಳು ನೋಡಿ, ಬಾವು ಇಳಿದ ಮೇಲೆ ರಕ್ತ ಕೆಳಗೆ ಜಾರದಂತೆ ಬಿಗಿಯಾಗಿ ಪಟ್ಟಿ ಕಟ್ಟೋಣ ಎಂದರು. ಇಷ್ಟಕ್ಕೆ ಯಾದಗಿರಿಯವರೆಗೆ ಬರಬೇಕಿತ್ತೇ ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು.

ಊರಿಗೆ ಬಂದು ನಾನೇ ಇಟ್ಟಿಗೆ ಇಟ್ಟೆ, ಅಲುಗಾಡಿಸಿ ನೋಡಿದೆ. ಪ್ರತಿ ಶನಿವಾರ ಬಂದಾಗ ಇಟ್ಟಿಗೆ ಇಟ್ಟಲ್ಲೇ ಇರುತ್ತಿದ್ದವು, ದಿಂಬು ತಗ್ಗಿನ ಕಡೆ, ಅವ್ವನ ಕಾಲು ಎತ್ತರದ ಕಡೆ. ಹುಣ್ಣು ಮಾತ್ರ ದೊಡ್ಡದಾಗುತ್ತಲೇ ಹೋಯಿತು. ಡಾಕ್ಟರಿಗೆ ಏನೂ ಬರುವುದಿಲ್ಲ ಎಂದು ಓದಿದವಳಾದ ನಾನೇ ಮೊದಲು ಹೇಳಿದೆ, ಓಣಿಯವರು ಅದನ್ನು ಸಂತೋಷದಿಂದ ಒಪ್ಪಿಕೊಂಡರು.

ಐದನೆಯ ವಾರ ಏನೋ ಕಾರಣಕ್ಕೆ ಬುಧವಾರವೇ ಶಾಲೆಗೆ ರಜೆ ಸಿಕ್ಕಿತು. ಮಧ್ಯಾಹ್ನ ಮನೆಗೆ ಬಂದರೆ, ಅವ್ವ ಮಂಚದ ಎತ್ತರದ ಕಡೆ ದಿಂಬಿಟ್ಟು, ರಾಣಿಯ ಹಾಗೆ ತಲೆ ಮೇಲೆ ಮಾಡಿ ಮಲಗಿದ್ದಾಳೆ. ಕಾಲು ತಗ್ಗಿನಲ್ಲಿ, ದೇವರ ಜಗಲಿಯ ಕಡೆ. ಸಾಹೇಬರು ಬರುವ ದಿನ ಮಾತ್ರ ಗೋಡೆಗೆ ಚಾರ್ಟು ನೇತುಹಾಕುವ ಶಾಲೆಯಲ್ಲಿ ಕೆಲಸ ಮಾಡುವ ನನಗೆ ಇದು ಹೊಳೆಯಬೇಕಿತ್ತು. ಶನಿವಾರ ತಪಾಸಣೆಯಿತ್ತು, ಅಷ್ಟೇ.

ಕೂಗಾಡಿದೆ. ಅವ್ವ ಎದ್ದು ಕೂತು ಬಾಗಿಲ ಕಡೆ ಕೈ ತೋರಿಸಿದಳು. ಎತ್ತರಿಸಿದ ತುದಿಗೇ ಬಾಗಿಲು, ಅಲ್ಲಿ ಅಪ್ಪನ ಕುರ್ಚಿ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟರೆ ತಮ್ಮ ಪಾಳಿ ಕೇಳಲು ಊರ ಗಂಡಸರೆಲ್ಲ ಅಲ್ಲೇ ಬಂದು ಕೂರುತ್ತಿದ್ದರು. ರಾತ್ರಿ ಅಪ್ಪನ ಹಾಸಿಗೆಯೂ ಅಲ್ಲೇ.

“ಅಷ್ಟು ಮಂದಿ ಮಾರಿಗೆ ಪಾದ ಎತ್ತಿ ಮಲಗ್ಲೇನ? ಗಂಡನ ತಲಿ ಮ್ಯಾಲೆ ಕಾಲಿಡ್ಲೇನ?”

“ಈಗ ದೇವರ ಕಡೀಗೆ ಮಾಡಿಯಲ್ಲ?”

“ದೇವ್ರು ಸೈಸ್ಕೋತಾನ. ಮಂದಿ ಸೈಸ್ಕೊಳ್ಳಂಗಿಲ್ಲ.”

ಅಷ್ಟರಲ್ಲಿ ಅಪ್ಪ ಬಂದ. ಹೆಂಡತಿ ತಿರುಗಿ ಮಲಗುವುದನ್ನು ದಿನಾ ನೋಡಿದ್ದಾನೆ, ಬಾಯಿ ಬಿಟ್ಟಿಲ್ಲ. “ದಿಂಬು ಎತ್ತರಕ್ಕ ಇರ್ತದಲ್ಲ ಅಂತ ನಾ ಸುಮ್ಮ ಇದ್ದೆ,” ಎಂದ. ಹತ್ತು ಹಳ್ಳಿಯ ನೀರು ಯಾವ ಕಡೆ ಇಳಿಯುತ್ತದೆ ಎಂದು ಬಲ್ಲ ಮನುಷ್ಯ! ನನಗೆ ಬಂದ ಸಿಟ್ಟಿಗೆ ಅಳು ಬಂತು. ಕಾಲು ಹೋದರೆ ನಿಮ್ಮ ಮರ್ಯಾದೆಯನ್ನು ಕುಂಟುಗೋಲು ಮಾಡಿಕೊಳ್ಳಿ ಎಂದುಬಿಟ್ಟೆ. ಅಪ್ಪ ಕುರ್ಚಿ ಎತ್ತಿಕೊಂಡು ಹೋಗಿ ಹೊರಗೆ ಬೇವಿನ ಗಿಡದ ಕೆಳಗಿಟ್ಟ. ತನ್ನ ಹಾಸಿಗೆಯ ಸುರುಳಿಯನ್ನು ದೇವರ ಜಗಲಿಯ ಕಡೆ ಒಗೆದ. ಅಂದಿನಿಂದ ನೀರಿನ ಪಂಚಾಯಿತಿ ಗಿಡದ ಕೆಳಗಾಯಿತು.

ಮೂರು ವಾರದಲ್ಲಿ ಬಾವು ಇಳಿಯಿತು, ಪಟ್ಟಿ ಬಂತು. ಬೆರಳ ಬುಡದಿಂದ ಸುತ್ತುತ್ತಾ ಮೊಣಕಾಲ ಕೆಳಗಿನವರೆಗೆ ಕಟ್ಟಬೇಕು, ಅದೂ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು. ಅವ್ವನಿಗೆ ಬಗ್ಗಿ ಕಟ್ಟಲು ಕೈ ನಿಲುಕದು. ಭಾನುವಾರ ನಾನು ಕಟ್ಟಿದೆ. ಸೋಮವಾರ ನಸುಕಿನಲ್ಲಿ ಬಸ್ಸಿಗೆ ಹೊರಟು ನಿಂತಾಗ ಅಪ್ಪ ಪಟ್ಟಿಯ ಸುರುಳಿ ಹಿಡಿದು ಮಂಚದ ತುದಿಯಲ್ಲಿ ಕೂತಿದ್ದ. ಅವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು.

“ಬ್ಯಾಡ್ರಿ. ಗಂಡ ಕಾಲು ಮುಟ್ಟಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತದ.”

“ನನ್ನ ಆಯುಷ್ಯ ನಿನ್ನ ಕಾಲಾಗ ಇದ್ರ, ಅದಕ್ಕ ತೂತು ಬಿದ್ದು ವರ್ಷದ ಮ್ಯಾಲಾತು,” ಎಂದ ಅಪ್ಪ. “ತಾ ಇತ್ತ.”

ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ಕಾಲು ಚಾಚಿದಳು.

ಹುಣ್ಣು ಮುಚ್ಚಲು ಐದು ತಿಂಗಳು ಹಿಡಿಯಿತು. ಮುಚ್ಚಿದ ಮೇಲೂ ಪಟ್ಟಿ ಬಿಡಬಾರದು, ಬಿಟ್ಟರೆ ಮತ್ತೆ ಬರುತ್ತದೆ ಎಂದರು ಡಾಕ್ಟರು. ಅಪ್ಪ ಬಿಡಲಿಲ್ಲ. ನೌಕರಿಯಿಂದ ನಿವೃತ್ತನಾಗಿ ಊರ ಗೇಟಿನ ಕೀಲಿ ಬೇರೆಯವರ ಕೈಗೆ ಹೋದ ಮೇಲೂ ಈ ಒಂದು ಗೇಟಿಗೆ ದಿನಾ ಬೆಳಿಗ್ಗೆ ಹಾಜರಾಗುತ್ತಿದ್ದ, ಹದಿನೇಳು ವರ್ಷ. ಎಂಬತ್ತರ ಹತ್ತಿರ ಬಂದು, ಒಂದು ದಿನವೂ ಹಾಸಿಗೆ ಹಿಡಿಯದೆ ಹೋದ.

ಮಣ್ಣಿಗೆ ಒಯ್ಯುವ ಮೊದಲು ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವ್ವ ಅಂದು ಪಟ್ಟಿಯಿಲ್ಲದೆ ಬಾತ ಕಾಲನ್ನು ಮುಂದೆ ಚಾಚಿಕೊಂಡು ಅವನೆದುರಿಗೇ ಕೂತಿದ್ದಳು. ಅತ್ತವರೆಲ್ಲ ಸುಮ್ಮನಾದ ಮೇಲೆ ಅವನನ್ನು ಗದರುವ ದನಿಯಲ್ಲಿ ಹೇಳಿದಳು:

“ಅವತ್ತs ಹೇಳಿದ್ದೆ ನಿಮಗ, ಕಾಲು ಮುಟ್ಟಬ್ಯಾಡ್ರಿ ಅಂತ.”