‘ಕಾಜಿ ದೆಸ್’ ಎಂದು ಕೂಗಿದ ಮನೆ

ಅಮ್ಮ ಕ್ಯೋಟೋಗೆ ಬಂದದ್ದು ಚೆರ್ರಿ ಹೂವು ನೋಡಿಕೊಂಡು ಏಪ್ರಿಲ್ ಹೊತ್ತಿಗೆ ತುಮಕೂರಿಗೆ ವಾಪಸಾಗಲೆಂದು. ಹೂವು ಅರಳಿ ಉದುರಿಯೂ ಆಯಿತು, ವಿಮಾನಗಳು ಮಾತ್ರ ಹಾರಲಿಲ್ಲ. ಕೋವಿಡ್‌ನ ಮೊದಲ ವರ್ಷ ಅದು. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಚಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಲ್ಯಾಬಿಗೆ ಬೀಗ ಬಿದ್ದಿತ್ತು. ಹಳೆಯ ಮರದ ಬಾಡಿಗೆಮನೆಯೊಂದರಲ್ಲಿ ಅಮ್ಮ ಕೆಳಗೆ ಅಡುಗೆಮನೆಯಲ್ಲಿ, ನಾನು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಹೀಗೆ ದಿನ ಸಾಗುತ್ತಿತ್ತು.

ನಮ್ಮ ಓಣಿ ಎಷ್ಟು ಕಿರಿದೆಂದರೆ ಎರಡು ಸೈಕಲ್ ಎದುರಾದರೆ ಒಬ್ಬರು ಇಳಿಯಬೇಕು. ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಆದರೂ ಆ ವರ್ಷ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮಾಸ್ಕಿನ ಮೇಲಿನ ಕಣ್ಣುಗಳು ಬಗ್ಗಿ ವಂದಿಸಿ ಬಾಗಿಲೊಳಗೆ ಸರಿದುಹೋಗುತ್ತಿದ್ದವು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಅವರ ಮುಖ ಪೂರ್ತಿ ನೋಡಿದ ನೆನಪೇ ನನಗಿರಲಿಲ್ಲ. ಬೆಳಗಾದರೆ ಅವರು ಮನೆ ಮುಂದಿನ ಕೆಂಪು ಬಕೆಟ್ಟುಗಳ ನೀರು ಚೆಲ್ಲಿ ಹೊಸ ನೀರು ತುಂಬುವ ಸದ್ದು ಕೇಳುತ್ತಿತ್ತು. ಗಿಡಗಳಿಗಿರಬೇಕು ಎಂದುಕೊಂಡಿದ್ದೆ.

ಅಲಾರಂ ಮೊದಲ ಸಲ ಕೂಗಿದ್ದು ಅಮ್ಮನ ಒಗ್ಗರಣೆಗೆ. ನಮ್ಮ ಅಡುಗೆಮನೆಯ ಮೇಲೆ ಅಟ್ಟವಿರಲಿಲ್ಲ, ಸೂರಿನವರೆಗೂ ಖಾಲಿ ಜಾಗ. ಹಿಂದೆ ಸೌದೆ ಒಲೆಯ ಹೊಗೆ ಮೇಲೇರಲೆಂದು ಹಾಗೆ ಕಟ್ಟುತ್ತಿದ್ದರಂತೆ. ಬ್ಯಾಡಗಿ ಮೆಣಸಿನಕಾಯಿಯ ಘಾಟು ನೆಟ್ಟಗೆ ಏರಿ ಮಹಡಿ ಮೆಟ್ಟಿಲ ತಲೆಯಲ್ಲಿದ್ದ ಹೊಗೆ ಅಲಾರಮ್ಮಿಗೆ ಬಡಿಯಿತು. ಒಂದು ಹೆಣ್ಣು ದನಿ, ಚೂರೂ ಗಾಬರಿಯಿಲ್ಲದೆ, ಇಡೀ ಮನೆ ತುಂಬುವಂತೆ ಹೇಳತೊಡಗಿತು: “ಕಾಜಿ ದೆಸ್, ಕಾಜಿ ದೆಸ್.”

ಅಮ್ಮ ಸೌಟು ಹಿಡಿದೇ ಹೊರಬಂದಳು. “ಯಾರೇ ಅದು? ಕಾಳಜಿ, ಕಾಳಜಿ ಅಂತ ಕೂಗ್ತಿರೋದು?”

“ಕಾಳಜಿ ಅಲ್ಲಮ್ಮ, ಕಾಜಿ. ಬೆಂಕಿ ಬಿದ್ದಿದೆ ಅಂತಿದೆ!”

“ಎಲ್ಲಿ ಬಿದ್ದಿದೆ? ನಾನಿಲ್ಲೇ ಇದ್ದೀನಲ್ಲ!”

ಟವೆಲ್ ಬೀಸಿ, ಅಲಾರಮ್ಮಿನಿಂದ ನೇತುಬಿದ್ದ ದಾರ ಎಳೆದು ಬಾಯಿ ಮುಚ್ಚಿಸಿದೆವು. ಅಲ್ಲಿಂದ ಮುಂದೆ ಒಗ್ಗರಣೆಗೆ ಮೊದಲು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದೆವು.

ಆದರೆ ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಒಲೆಯೇ ಹಚ್ಚದ ಒಂದು ಬೆಳಗ್ಗೆ, ನಾನು ಪ್ರೊಫೆಸರ್ ಜೊತೆ ಆನ್‌ಲೈನ್ ಮೀಟಿಂಗಿನಲ್ಲಿರುವಾಗ ಅದು ಮತ್ತೆ ಕೂಗಿತು. ದಾರ ಎಳೆದೆ, ಸುಮ್ಮನಾಯಿತು. ಎರಡು ಕ್ಷಣ ಬಿಟ್ಟು ಮತ್ತೆ ಕೂಗಿತು. ಯಾರಾದರೂ ಬೈಯುವ ಮೊದಲು ಕ್ಷಮೆ ಕೇಳಿಬಿಡೋಣವೆಂದು ಬಾಗಿಲು ಸರಿಸಿದೆ.

ಇಡೀ ಓಣಿ ಹೊರಗೆ ನಿಂತಿತ್ತು.

ಎದುರುಮನೆಯ ಗಂಡಸು ಬೆಂಕಿ ಆರಿಸುವ ಸಿಲಿಂಡರ್ ಹಿಡಿದಿದ್ದರು. ತೋಫು ಅಂಗಡಿಯ ದಂಪತಿ ರಬ್ಬರ್ ಬೂಟಿನಲ್ಲೇ ಓಡಿಬಂದಿದ್ದರು. ಎಲ್ಲರಿಗಿಂತ ಮುಂದೆ, ಮಳೆಯಲ್ಲಿ ಕೊಡೆಯಿಲ್ಲದೆ, ತುಂಬಿದ ಕೆಂಪು ಬಕೆಟ್ ಹಿಡಿದು ಪಕ್ಕದ ಮನೆ ಅಜ್ಜಿ. ಎಲ್ಲರ ಮುಖದ ಮೇಲೂ ಮಾಸ್ಕ್, ನಡುವೆ ಸರ್ಕಾರ ಹೇಳಿದಷ್ಟು ಅಂತರ.

“ಸುಮಿಮಾಸೆನ್, ಸುಮಿಮಾಸೆನ್,” ಎಂದು ನಡು ಬಗ್ಗಿಸಿದೆ. “ಬೆಂಕಿಯಿಲ್ಲ. ಸುಮ್ಮನೆ ಕೂಗುತ್ತಿದೆ.”

ಅಜ್ಜಿ ಬಕೆಟ್ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡರು. “ಯೊಕತ್ತಾ,” ಎಂದರು. ಒಳ್ಳೆಯದೇ ಆಯಿತು ಎಂದು. ಹಿಂದಿನವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿ, ವಂದಿಸಿ ಹೋದರು.

ನನಗೆ ನಾಚಿಕೆಯಾಯಿತು. ಅಮ್ಮ ಬಾಗಿಲಲ್ಲೇ ನಿಂತು ಅವರ ಬೆನ್ನು ನೋಡುತ್ತಿದ್ದಳು. “ನಾಲ್ಕು ತಿಂಗಳಿಂದ ಇಲ್ಲಿದ್ದೀನಿ, ಈ ಓಣಿಲಿ ಇಷ್ಟು ಜನ ಇದ್ದಾರೆ ಅಂತಲೇ ಗೊತ್ತಿರಲಿಲ್ಲ ಕಣೇ,” ಎಂದಳು.

ಆ ವಾರವೇ ಮತ್ತೆ ಕೂಗಿತು. ಈ ಸಲ ಯಾರೂ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಸುಳ್ಳು ಕೂಗೆಂದು ಗೊತ್ತಾದ ಮೇಲೆ ಯಾರು ಮಳೆಗಿಳಿಯುತ್ತಾರೆ? ಆದರೆ ಬಾಗಿಲು ಸರಿಸಿದರೆ ಅದೇ ಬಕೆಟ್, ಅದೇ ಸಿಲಿಂಡರ್, ಅದೇ ರಬ್ಬರ್ ಬೂಟು. ಬಂದ ರಭಸದಲ್ಲಿ ಕಿಂಚಿತ್ತೂ ಇಳಿಕೆಯಿರಲಿಲ್ಲ. ಅಜ್ಜಿಯಂತೂ ಏದುಸಿರು ಬಿಡುತ್ತಿದ್ದರು.

“ದಯವಿಟ್ಟು ಇನ್ನು ಮೇಲೆ ಬರಬೇಡಿ,” ಎಂದು ಬೇಡಿಕೊಂಡೆ. “ಅಲಾರಂ ಕೆಟ್ಟಿದೆ.”

“ಅದು ನಿನಗೆ ಒಳಗೆ ಗೊತ್ತು,” ಎಂದರು ಅಜ್ಜಿ. “ನಮಗೆ ಹೊರಗೆ ಹೇಗೆ ಗೊತ್ತಾಗಬೇಕು?” ಆಮೇಲೆ, ಅಷ್ಟು ದೂರದಲ್ಲೇ ನಿಂತು, ತಾವು ಇನ್ನೂ ಸ್ಕೂಲಿಗೆ ಸೇರದಿದ್ದಾಗ ಓಣಿಯ ತುದಿಯ ಮನೆಗೆ ಬೆಂಕಿ ಬಿದ್ದ ಕತೆ ಹೇಳಿದರು. ಬಾವಿಯಿಂದ ಕೈಯಿಂದ ಕೈಗೆ ಬಕೆಟ್ಟು ಸಾಗಿಸಿದರಂತೆ. ಆ ಸಾಲಿನಲ್ಲಿ ಖಾಲಿ ಬಕೆಟ್ ವಾಪಸು ಒಯ್ಯುವ ಕೆಲಸ ಅವರದ್ದಾಗಿತ್ತಂತೆ. ಅಂದಿನಿಂದ ಇಲ್ಲಿನವರು ಮನೆ ಮುಂದೆ ಬೆಂಕಿ ಆರಿಸಲೆಂದು ಬಕೆಟ್ಟಿನಲ್ಲಿ ನೀರು ಇಟ್ಟಿರುತ್ತಾರಂತೆ. ಬೆಳಗಿನ ನೀರಿನ ಸದ್ದಿನ ಅರ್ಥ ನನಗೆ ಆಗ ತಿಳಿಯಿತು. ನಾನು ಹುಟ್ಟುವ ಎಷ್ಟೋ ಮೊದಲಿನಿಂದ ಒಬ್ಬರು ದಿನವೂ ಬೆಂಕಿಗೆ ಕಾಯುತ್ತಿದ್ದಾರೆ, ಅದು ಬಾರದ ಪ್ರತಿ ದಿನಕ್ಕೂ ಹೊಸ ನೀರು ತುಂಬುತ್ತಿದ್ದಾರೆ.

ಮನೆ ಮಾಲೀಕರಿಗೆ ಫೋನ್ ಮಾಡಿದೆ. ಅಮ್ಮ ಹಿಂದಿನಿಂದ, “ಎಸಿ ಹಾಕಿದ್ರೆ ಮೇಲಿನ ಲೈಟು ಮಿಣಮಿಣ ಅನ್ನುತ್ತಲ್ಲ, ಅದನ್ನೂ ಹೇಳು. ಮೆಟ್ಟಿಲ ಹತ್ರ ಒಂಥರಾ ಸುಟ್ಟ ವಾಸನೆ ಬರುತ್ತೆ,” ಎಂದಳು. ಹಳೆಯ ಮನೆಯ ವಾಸನೆಯೇ ಹಾಗೆಂದುಕೊಂಡು, ಅವಳು ಮೊದಲು ಹೇಳಿದಾಗ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಹೇಳಿದೆ.

ಮರುದಿನ ಎಲೆಕ್ಟ್ರಿಷಿಯನ್ ಬಂದರು. ಮೊದಲು ಅಲಾರಂ ಬಿಚ್ಚಿದರು. ಒಳಗೆ ಧೂಳು, ಸಣ್ಣ ಹುಳಗಳು. ಅದರ ಆಯಸ್ಸೂ ಮುಗಿದಿತ್ತು. ಸರಿ, ಇಷ್ಟೇ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಅವರು ಏಣಿ ಹಾಕಿ, ಮೆಟ್ಟಿಲ ಮೇಲಿನ ಒಂದು ಹಲಗೆ ಸರಿಸಿ ಒಳಗೆ ಟಾರ್ಚ್ ಬಿಟ್ಟರು. ಆಮೇಲೆ ಕೆಳಗಿಳಿದು, “ನೀವೇ ಒಮ್ಮೆ ನೋಡಿ,” ಎಂದರು.

ಏಣಿ ಹತ್ತಿ ತಲೆ ಒಳಗಿಟ್ಟೆ. ನಾನು ದಿನವೂ ಮಲಗುತ್ತಿದ್ದ ಕೋಣೆಯ ಮೇಲೆ ಇನ್ನೊಂದು ಲೋಕವಿತ್ತು. ಒಂದೇ ಮರದ ದೊಡ್ಡ ತೊಲೆ, ಬೆಳೆದ ಹಾಗೇ ಡೊಂಕಾಗಿ, ಹೊಗೆಗೆ ಕಪ್ಪಾಗಿ, ಮನೆಯ ಈ ಗೋಡೆಯಿಂದ ಆ ಗೋಡೆಗೆ ಮಲಗಿತ್ತು. ಅದರ ಮೈಮೇಲೆ ಜೋಡಿ ಜೋಡಿಯಾಗಿ ಬಿಳಿ ಪಿಂಗಾಣಿ ಗುಬ್ಬಿಗಳು, ಹಿಂದೆ ಕರೆಂಟಿನ ತಂತಿ ಕಟ್ಟಲು ಬಳಸುತ್ತಿದ್ದ ಗುಂಡನೆಯ ಬಿರಡೆಗಳು. ಅವುಗಳ ಮೇಲೆ, ಮರಕ್ಕೆ ಎಲ್ಲೂ ತಾಗದಂತೆ, ಬಟ್ಟೆ ಸುತ್ತಿದ ಎರಡು ತಂತಿಗಳು ಕತ್ತಲೊಳಗೆ ಹರಿದುಹೋಗಿದ್ದವು. ಗುಬ್ಬಿಗಳು ಟಾರ್ಚಿನ ಬೆಳಕಿಗೆ ಇಂದು ತೊಳೆದಿಟ್ಟಂತೆ ಹೊಳೆದವು. ಈ ಮನೆಗೆ ಮೊದಲ ದೀಪ ತಂದ ತಂತಿಗಳೇ ಇವು ಎಂದರು ಕೆಳಗಿನಿಂದ ಎಲೆಕ್ಟ್ರಿಷಿಯನ್. ಯಾರಿಗೂ ಕಾಣದ ಕಡೆ ಒಬ್ಬ ಮನುಷ್ಯ ಇಷ್ಟು ನೇರವಾಗಿ, ಇಷ್ಟು ಚೆಂದವಾಗಿ ಕೆಲಸ ಮಾಡಿ ಹೋಗಿದ್ದ. ನನ್ನ ಕಣ್ಣು ತುಂಬಿತು.

“ಎಡಕ್ಕೆ ನೋಡಿ,” ಎಂದರು.

ಎಡಕ್ಕೆ, ಎಸಿಗಾಗಿ ಈಚೆಗೆ ಯಾರೋ ಎಳೆದ ಪ್ಲಾಸ್ಟಿಕ್ ವೈರನ್ನು ಹಳೆಯ ತಂತಿಗೆ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ತೊಟ್ಟಿಕ್ಕಿತ್ತು. ಅದರ ಕೆಳಗಿನ ತೊಲೆ ಅಂಗೈಯಗಲ ಇದ್ದಿಲಾಗಿತ್ತು.

ಕೆಳಗಿಳಿದೆ. “ಹಾಗಾದರೆ ಅಲಾರಂ ನಿಜವಾದ ಬೆಂಕಿಗೇ ಕೂಗಿತೇ?” ಎಂದು ಕೇಳಿದೆ.

ಅವರು ಯೋಚಿಸಿದರು. “ಹೇಳಲಾರೆ. ಹುಳದಿಂದ ಕೂಗಿರಬಹುದು, ಇದರಿಂದಲೂ ಕೂಗಿರಬಹುದು. ಆ ಕೂಗಿನಿಂದ ನಾನು ಬಂದೆ, ಅಷ್ಟು ನಿಜ.”

ಅಮ್ಮನಿಗೆ ವಿಷಯ ಹೇಳಿದಾಗ ಅವಳು ಗೋಡೆಗೊರಗಿ ಕೂತುಬಿಟ್ಟಳು. ಆಮೇಲೆ ಎದ್ದು ಎಲೆಕ್ಟ್ರಿಷಿಯನ್‌ಗೆ ಕಾಫಿ ಮಾಡಿದಳು. ಅವರು ಅದನ್ನು ಓಣಿಗೆ ಒಯ್ದು, ಮಾಸ್ಕ್ ಕೆಳಗಿಳಿಸಿ, ಗೋಡೆಗೆ ಮುಖಮಾಡಿ ಕುಡಿದು ಬಂದರು.

ವೈರಿಂಗ್ ಪೂರ್ತಿ ಬದಲಾಗುವವರೆಗೆ ಕೆಲವು ದಿನ ಕರೆಂಟು ತೆಗೆದರು. ಸುದ್ದಿ ತಿಳಿದ ಅಜ್ಜಿ ಮೊದಲು ತಮ್ಮ ಮನೆಯನ್ನೂ ಪರೀಕ್ಷೆ ಮಾಡಿಸಿಕೊಂಡರು. ಅಲ್ಲಿ ಎಲ್ಲ ಸರಿಯಿದೆಯೆಂದು ತಿಳಿದ ಕೂಡಲೇ ಹಿತ್ತಿಲ ಗೋಡೆಯ ಮೇಲಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟರು. ನಮ್ಮ ಫ್ರಿಜ್ಜು, ಅದರೊಳಗಿನ ದೋಸೆಹಿಟ್ಟು, ನನ್ನ ಲ್ಯಾಪ್‌ಟಾಪು ಎಲ್ಲವೂ ಅವರ ಮನೆಯ ಕರೆಂಟಿನಲ್ಲಿ ಬದುಕಿದವು. ಅಮ್ಮ ಗೋಡೆಯ ಮೇಲೆ ದೋಸೆಯ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಅಜ್ಜಿ ಬಂದು ಎತ್ತಿಕೊಳ್ಳುತ್ತಿದ್ದರು. “ಚಟ್ನಿ ಖಾರ ಆಯ್ತಾ?” ಎಂದು ಅಮ್ಮ ಕನ್ನಡದಲ್ಲೇ ಕೂಗಿ ಕೇಳುವಳು. ಅಜ್ಜಿ ಜಪಾನಿಯಲ್ಲಿ ಏನೋ ಉದ್ದವಾಗಿ ಉತ್ತರಿಸುವರು. ಇಬ್ಬರೂ ನಗುವರು.

ಕೆಲಸ ಮುಗಿದದ್ದು ಒಂದು ಸಂಜೆ. ಪಿಂಗಾಣಿ ಗುಬ್ಬಿಗಳನ್ನು ತೆಗೆಯಲು ಮನಸ್ಸು ಬರಲಿಲ್ಲ, ತಂತಿಯಷ್ಟೇ ಬಿಚ್ಚಿದ್ದೇನೆ ಎಂದರು ಎಲೆಕ್ಟ್ರಿಷಿಯನ್. ಮೇನ್ ಸ್ವಿಚ್ ಮೇಲೆತ್ತಿದರು. ಮಹಡಿಯ ದೀಪ ಒಂದಿಷ್ಟೂ ಮಿಣುಕದೆ ಹತ್ತಿತು.

ಮುಸ್ಸಂಜೆ ದೀಪ ಹತ್ತಿದಾಗ ಕೈಮುಗಿಯುವುದು ಅಮ್ಮನ ರೂಢಿ. ಅಂದೂ ಕಣ್ಮುಚ್ಚಿ ಕೈಮುಗಿದಳು. ಅವಳನ್ನು ನೋಡಿ ಎಲೆಕ್ಟ್ರಿಷಿಯನ್ ಟೋಪಿ ತೆಗೆದು, ತಾವೂ ಬಲ್ಬಿನತ್ತ ತಲೆ ಬಾಗಿಸಿದರು. ನಾನೂ ಸುಮ್ಮನೆ ನಿಂತು ಆ ಬೆಳಕು ನೋಡಿದೆ.